ಅಳಿಯನ ಸೈಕಲ್ಲಿಗೆ ಬಂಗಾರದ ಗೆರೆ

"ಬಂಗಾರದ ಗೆರಿ ನಾನೇ ಎಳೀತೀನಿ. ಅದರಾಗ ಏನದ?"

ವಾಸುದೇವರಾಯರು ಪಡಸಾಲೆಯ ನಟ್ಟನಡುವೆ ನಿಂತು ಹೀಗೆ ಘೋಷಿಸಿದಾಗ ಅವರ ಹೆಂಡತಿ ಅಂಬುಜಮ್ಮ ಮೊರ ಹಿಡಿದು ರೇಷನ್ ಅಕ್ಕಿ ಆರಿಸುತ್ತಿದ್ದರು. ಯುದ್ಧದ ಕಾಲ, ನಲವತ್ತಮೂರನೆಯ ಇಸವಿ. ಆ ವರ್ಷ ಬಳ್ಳಾರಿಯಲ್ಲಿ ಅಕ್ಕಿಯೊಳಗಿನ ಕಲ್ಲು ಹುಡುಕುವುದಕ್ಕಿಂತ ಕಲ್ಲಿನೊಳಗಿನ ಅಕ್ಕಿ ಹುಡುಕುವುದೇ ಸುಲಭವಾಗಿತ್ತು. ಅಂಬುಜಮ್ಮ ತಲೆ ಎತ್ತಲಿಲ್ಲ. ಗಂಡ ಪಡಸಾಲೆಯ ನಡುವೆ ನಿಂತು ಏನನ್ನಾದರೂ ಘೋಷಿಸಿದರೆಂದರೆ ಮನೆಯಲ್ಲಿ ಒಂದು ಪಾತ್ರೆಯೋ ಒಂದು ಬಾಗಿಲೋ ಕೆಲಸಕ್ಕೆ ಬಾರದಂತಾಗುತ್ತದೆ ಎಂಬುದು ಅವರ ಇಪ್ಪತ್ತೈದು ವರ್ಷಗಳ ಅನುಭವ.

"ಪಕ್ಕೀರಪ್ಪ ಬರ್ತೀನಿ ಅಂದಿದ್ನಲ್ಲ?" ಎಂದಷ್ಟೇ ಕೇಳಿದರು.

"ಅವನು ಕಂಟೋನ್ಮೆಂಟಿನ್ಯಾಗ ಮಿಲಿಟರಿ ಲಾರಿಗೆ ಹಸಿರು ಬಳೀಲಿಕ್ಕತ್ಯಾನ. ಯುದ್ಧ ಮುಗದ ಮ್ಯಾಲೆ ಬರ್ತಾನಂತ."

"ಹಂಗಾರ ಅಳಿಯಂದ್ರಿಗೂ ಯುದ್ಧ ಮುಗದ ಮ್ಯಾಲೆ ಬರ್ರಿ ಅಂತ ಕಾಗದ ಹಾಕ್ರಿ."

ಇಲ್ಲಿ ಸ್ವಲ್ಪ ಹಿಂದಿನ ಸಂಗತಿ ಹೇಳಬೇಕು. ರಾಯರ ಒಬ್ಬಳೇ ಮಗಳು ತಿರುಮಲಮ್ಮನನ್ನು ಆ ವೈಶಾಖದಲ್ಲಿ ಸಿರುಗುಪ್ಪದ ಶಾಲಾ ಮಾಸ್ತರ ಶ್ರೀನಿವಾಸನಿಗೆ ಕೊಟ್ಟು ಮದುವೆ ಮಾಡಿದ್ದರು. ಮದುವೆಯ ಊಟದ ಪಂಕ್ತಿಯಲ್ಲಿ ಬೀಗರು ನಯವಾಗಿ ಸೈಕಲ್ಲಿನ ಮಾತು ತೆಗೆದರು. ಬಾಯ್ತುಂಬ ಲಾಡು ಇದ್ದಾಗ ಮನುಷ್ಯನಿಗೆ ಔದಾರ್ಯ ಹೆಚ್ಚುತ್ತದೆ. ರಾಯರು ಎಡಗೈ ಎತ್ತಿ, ನಾನೂರು ಜನರೆದುರು, "ಮೊದಲ ದೀಪಾವಳಿಗೆ ಅಳಿಯಂದ್ರಿಗೆ ಸೈಕಲ್ಲು. ಹೊಸಾದು. ಬಂಗಾರದ ಗೆರಿ ಇರೋದು" ಎಂದುಬಿಟ್ಟರು.

ಆ ಕ್ಷಣದಲ್ಲಿ ಯುದ್ಧದ ನೆನಪು ಅವರಿಗಿರಲಿಲ್ಲ. ಯುದ್ಧಕ್ಕೆ ಮಾತ್ರ ರಾಯರ ನೆನಪಿತ್ತೋ ಏನೋ, ಹಡಗುಗಳು ತೋಪು ತುಂಬಿಕೊಂಡು ಓಡಾಡಿದವೇ ಹೊರತು ಒಂದೇ ಒಂದು ಸೈಕಲ್ಲನ್ನೂ ತಂದು ಇಳಿಸಲಿಲ್ಲ. ಬಳ್ಳಾರಿಯ ಅಂಗಡಿಗಳಲ್ಲಿ ಹೊಸ ಸೈಕಲ್ಲು ಹೋಗಲಿ, ಹೊಸ ಸೈಕಲ್ಲಿನ ಗಂಟೆ ಕೂಡ ಸಿಗದಂತಾಯಿತು. ಕೊನೆಗೆ ಕಂಟೋನ್ಮೆಂಟಿನ ಒಬ್ಬ ಬಿಳಿಯ ಸಾರ್ಜೆಂಟು ವರ್ಗವಾಗಿ ಹೋಗುವಾಗ ಬಟ್ಲರನಿಗೆ ಬಿಟ್ಟುಹೋದ ಸೈಕಲ್ಲನ್ನು ರಾಯರು ಗುಟ್ಟಾಗಿ ಕೊಂಡರು. ಅಡಿಯಿಂದ ಮುಡಿಯವರೆಗೆ ಮಿಲಿಟರಿ ಹಸಿರು ಬಳಿದ ಸೈಕಲ್ಲು ಅದು. ಗಂಟೆಗೂ ಹಸಿರು, ಸೀಟಿನ ಸ್ಪ್ರಿಂಗಿಗೂ ಹಸಿರು. ಎರಡು ಭಾನುವಾರ ಕೂತು ರಾಯರು ಅದಕ್ಕೆ ಕರಿಯ ಬಣ್ಣ ಬಳಿದು ಒಣಗಿಸಿದರು. ಕರಿ ಬಳಿಯುವುದಕ್ಕೆ ವಿದ್ಯೆ ಬೇಕಿಲ್ಲ, ಬಳಿದಷ್ಟೂ ಕರಿಯೇ.

ಆದರೆ ಗೆರೆ? ಹೊಸ ಸೈಕಲ್ಲಿನ ಲಕ್ಷಣವೇ ಕಂಬಿಗಳ ಮೇಲೆ ನೂಲಿನಂತೆ ಓಡುವ ಬಂಗಾರದ ಬಣ್ಣದ ಗೆರೆ. ಅದಿಲ್ಲದ ಸೈಕಲ್ಲನ್ನು ಯಾರೂ ಹೊಸದೆನ್ನುವುದಿಲ್ಲ. ಸಾಲದ್ದಕ್ಕೆ ಸಿರುಗುಪ್ಪದಿಂದ ಬೀಗರ ಕಾರ್ಡು ಬಂದಿತ್ತು: "ಬಂಗಾರದ ಗೆರೆಯ ಹೊಸ ಸೈಕಲ್ಲನ್ನು ಕಣ್ಣಾರೆ ನೋಡಬೇಕೆಂಬ ಆಶೆಯಿಂದ ನಾವೂ ಚಿರಂಜೀವಿಯ ಸಂಗಡ ಹಬ್ಬಕ್ಕೆ ಬರುತ್ತೇವೆ." ಬೀಗರು ಸಿರುಗುಪ್ಪದ ಕಡೆಯ ಶ್ಯಾನುಭೋಗರು. ಹೊಲದ ಬದು ಒಂದು ಗೇಣು ಆಚೀಚೆ ಸರಿದಿದ್ದರೂ ಗಾಡಿಯಲ್ಲಿ ಕೂತೇ ಕಂಡುಹಿಡಿಯುವ ಕಣ್ಣು ಅವರದು. ಸೈಕಲ್ಲು ಹಳೆಯದೆಂದು ಗೊತ್ತಾದರೆ ರಾಯರ ಮಾನ ಒಂದು ದಿನದಲ್ಲಿ ಹೋಗಿ ಮುಗಿಯುತ್ತಿತ್ತು. ಮಗಳು ಮಾತ್ರ ಆ ಮಾತನ್ನು ಆ ಮನೆಯಲ್ಲಿ ಜೀವಮಾನವಿಡೀ ಕೇಳಬೇಕಿತ್ತು. ಅದನ್ನು ನೆನೆದಾಗಲೆಲ್ಲ ರಾಯರಿಗೆ ಊಟ ರುಚಿಸುತ್ತಿರಲಿಲ್ಲ.

ದೀಪಾವಳಿಗೆ ಒಂಬತ್ತು ದಿನ ಉಳಿದಿತ್ತು.

"ನೋಡು," ಎಂದರು ರಾಯರು, "ಮೂವತ್ತು ವರ್ಷದಿಂದ ದಿನಾ ಪೂಜಿ ಮುಗಿಸಿ ಹಣೀ ಮ್ಯಾಲೆ ಅಂಗಾರದ ಗೆರಿ ಎಳೀಲಿಕ್ಕತ್ತೀನಿ. ಒಂದು ದಿನಾನಾದ್ರೂ ಸೊಟ್ಟ ಆಗ್ಯದ? ನೂಲು ಹಿಡದು ನೋಡಿದ್ರ ನೂಲಿಗೇ ನಾಚಿಕಿ ಬರಬೇಕು."

ಇದು ಸುಳ್ಳಲ್ಲ. ಧೂಪದ ಕರಿಯನ್ನು ತೇದು, ಬೆಳ್ಳಿಯ ಕಡ್ಡಿಯಲ್ಲಿ ಅದ್ದಿ, ಹುಬ್ಬಿನ ನಡುವಿನಿಂದ ಮೇಲಕ್ಕೆ ರಾಯರು ಎಳೆಯುತ್ತಿದ್ದ ಆ ಕರಿಗೆರೆ ಕಚೇರಿಯಲ್ಲೆಲ್ಲ ಹೆಸರಾಗಿತ್ತು. ಕೂದಲು ಹಿಂದೆ ಸರಿದು ಅವರ ಹಣೆ ವರ್ಷವರ್ಷಕ್ಕೂ ದೊಡ್ಡದಾಗುತ್ತಿತ್ತು. ಗೆರೆಯೂ ಅದರ ಸಮಕ್ಕೆ ಬೆಳೆದುಕೊಂಡು ಬಂದಿತ್ತು.

"ಹಣಿ ಬ್ಯಾರೆ, ಸೈಕಲ್ ಬ್ಯಾರೆ," ಎಂದರು ಅಂಬುಜಮ್ಮ.

"ಎಳಿಯೋ ಕೈ ಒಂದೇ," ಎಂದರು ರಾಯರು. ಈ ಮಾತು ತಮಗೇ ಬಹಳ ಹಿಡಿಸಿದ್ದರಿಂದ ಕಚೇರಿಯ ದಾರಿಯಲ್ಲಿ ಅದನ್ನು ಇನ್ನೊಮ್ಮೆ ಹೇಳಿಕೊಂಡರು.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ರಾಯರು ಕಂಟೋನ್ಮೆಂಟಿಗೆ ಹೋದರು. ಪಕ್ಕೀರಪ್ಪ ಕುರುಗೋಡಿನವನು. ಬಳ್ಳಾರಿಯ ಜಟಕಾಗಳ, ಸೈಕಲ್ಲುಗಳ ಮೇಲಿದ್ದ ಒಳ್ಳೆಯ ಗೆರೆಗಳೆಲ್ಲ ಅವನ ಕೈಯವೇ. ಆಗ ಅವನು ಬೇವಿನ ಮರದ ಕೆಳಗೆ ರೊಟ್ಟಿ ಬಿಚ್ಚಿಕೊಂಡು ಕೂತಿದ್ದ. ಮೊಣಕೈಯವರೆಗೂ ಹಸಿರು, ಒಂದು ಕಿವಿಯೂ ಹಸಿರು.

"ಲೈನು ಹೊಡಿಯೋದು ಕಲಿಸು ಪಕ್ಕೀರಪ್ಪ," ಎಂದರು ರಾಯರು.

ಪಕ್ಕೀರಪ್ಪ ಅವರನ್ನು ಮೇಲಿನಿಂದ ಕೆಳಗೆ ನೋಡಿದ. "ರಾಯರ, ನನಗ ಇದು ಕೈಗೆ ಹತ್ತಾಕ ಆರು ವರ್ಷ ಹಿಡೀತು."

"ನನಗ ಎಂಟು ದಿನ ಅದ."

ವರ್ಷದಿಂದ ಹಸಿರು ಬಳಿದು ಬಳಿದು ಬೇಸತ್ತ ಕೈ ಅವನದು. ಗೆರೆಯ ಮಾತು ಬಂದದ್ದೇ ತಡ, ಪಕ್ಕೀರಪ್ಪ ಚೀಲದಿಂದ ಉದ್ದ ಕೂದಲಿನ ಕುಂಚ ತೆಗೆದು, ರೊಟ್ಟಿಯ ಡಬ್ಬಿಯ ಮುಚ್ಚಳದ ಮೇಲೆ ಒಂದು ಗೆರೆ ಎಳೆದ. ಉಸಿರಾಡುವಷ್ಟರಲ್ಲಿ ಗೆರೆ ಮುಗಿದಿತ್ತು. ಈ ತುದಿಯಿಂದ ಆ ತುದಿಯವರೆಗೆ ಒಂದೇ ದಪ್ಪ, ಒಂದೇ ದಾರಿ. ರಾಯರಿಗೆ ಎದೆಯೊಳಗೆ ಏನೋ ಜುಮ್ಮೆಂದಿತು. ಇಂಥದನ್ನು ತಾನೂ ಎಳೆಯಬೇಕು ಎಂಬ ಆಸೆ, ಅಳಿಯನ ಸೈಕಲ್ಲಿನ ಚಿಂತೆಯನ್ನೂ ಮೀರಿ, ಆಗ ಹುಟ್ಟಿತು.

"ಕೈ ಎಳೀಬಾರ್ದು ರಾಯರ, ಮೈ ಎಳೀಬೇಕು. ಮ್ಯಾಲಿಂದ ನಿಮ್ಮ ಕಡಿ ತರ್ರಿ. ಕುಂಚದ ತುದಿ ನೋಡಬ್ಯಾಡ್ರಿ, ಗೆರಿ ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡ್ರಿ. ನಡುವ ಉಸುರು ಬಿಟ್ರೋ, ಗೆರಿ ಹೊಟ್ಟಿ ಬಿಡತೈತಿ." ಯುದ್ಧಕ್ಕೆ ಮೊದಲು ಉಳಿಸಿಟ್ಟಿದ್ದ ಬಂಗಾರದ ಬಣ್ಣದ ಪುಡಿಯ ಒಂದು ಸಣ್ಣ ಪೊಟ್ಟಣ ಕೊಟ್ಟ. "ಇದನ್ನ ಕಾಸಿದ ಅಗಸಿ ಎಣ್ಣ್ಯಾಗ ಕಲಸ್ರಿ. ಅಗಸಿ ಎಣ್ಣಿ. ತಿಳೀತಿಲ್ಲೋ? ಕುಂಚ ಮಾತ್ರ ಕೊಡಂಗಿಲ್ಲ. ಅಳಿಲಿನ ಬಾಲದ ಕೂದ್ಲದಾಗ ನೀವ ಮಾಡಿಕೋರಿ. ಬೆರಳುದ್ದ ಇರಬೇಕು."

ರಾಯರ ಹಿತ್ತಲಿನ ಪೇರಲ ಗಿಡದಲ್ಲಿ ಅಳಿಲುಗಳಿಗೇನೂ ಬರವಿರಲಿಲ್ಲ. ಅವರು ಗಿಡದ ಕೆಳಗೆ ನಿಂತು ಒಂದು ಬಾಲವನ್ನು ಕಣ್ಣಳತೆ ಮಾಡುತ್ತಿರುವಾಗ ಹಿಂದಿನಿಂದ ಅಂಬುಜಮ್ಮನ ಧ್ವನಿ ಬಂತು.

"ರಾಮದೇವ್ರು ಬೆನ್ನ ಮ್ಯಾಲೆ ಕೈಯಾಡಿಸಿದ ಪ್ರಾಣಿ ಅದು. ಅದರ ಬಾಲಕ್ಕ ಕೈ ಹಚ್ಚಿದ್ರ ಈ ಮನ್ಯಾಗ ನಿಮಗ ಊಟ ಇಲ್ಲ."

ರಾಯರೂ ದೈವಭಕ್ತರೇ. ಅಳಿಲಿನ ಬೆನ್ನನ್ನು ಅವತ್ತು ಅವರು ಹೊಸ ಕಣ್ಣಿನಿಂದ ನೋಡಿದರು. ಮೂರು ಗೆರೆ, ಒಂದೇ ಎಳೆತ, ಕುಂಚವಿಲ್ಲ, ಎಣ್ಣೆಯಿಲ್ಲ. ತ್ರೇತಾಯುಗದಿಂದ ಈವರೆಗೆ ಅಳಿಸಿಲ್ಲ. ಲೈನು ಹೊಡೆಯುವವರಲ್ಲಿ ಮೊದಲಿಗನು ಶ್ರೀರಾಮಚಂದ್ರನೇ ಎಂದು ನಿಶ್ಚಯಿಸಿ, ಮನಸ್ಸಿನಲ್ಲೇ ಕೈಮುಗಿದು ಒಳಗೆ ಬಂದರು.

ಮರುದಿನ ಬೆಳಿಗ್ಗೆ ಅಂಬುಜಮ್ಮ ಜಡೆ ಹಾಕಿಕೊಳ್ಳಲು ಕೂತವರು ಚೌರಿಯನ್ನು ಬೆಳಕಿಗೆ ಹಿಡಿದರು.

"ಚೌರಿ ಸಣ್ಣ ಆಗ್ಯದಲ್ಲ?"

"ವಯಸ್ಸಾದಂಗ ಕೂದಲು ಉದುರ್ತದ," ಎಂದರು ರಾಯರು, ಏನನ್ನೋ ದಾರದಿಂದ ಕಡ್ಡಿಗೆ ಬಿಗಿಯಾಗಿ ಸುತ್ತುತ್ತ.

"ತಲೀ ಮ್ಯಾಲಿಂದು ಉದುರ್ತದ. ಗೂಟಕ್ಕ ತೂಗಿ ಹಾಕಿದ್ದು ಹೆಂಗ ಉದುರ್ತದ?"

ಹೀಗೆ ಕುಂಚ ಸಿದ್ಧವಾಯಿತು. ಅಭ್ಯಾಸ ಶುರುವಾಯಿತು. ಪುಡಿ ಹಾಳಾಗಬಾರದೆಂದು ರಾಯರು ಸುಣ್ಣದ ನೀರಿನಲ್ಲಿ ಕೈ ಪಳಗಿಸಿಕೊಳ್ಳತೊಡಗಿದರು. ಒರಳಿನ ಮೇಲೆ, ಬಚ್ಚಲಿನ ಹಂಡೆಯ ಮೇಲೆ, ತೊಲೆಬಾಗಿಲಿನ ಮೇಲೆ, ಉಪ್ಪಿನಕಾಯಿ ಭರಣಿಯ ಮೇಲೆ. ಎರಡು ದಿನದಲ್ಲಿ ಗೆರೆಯಿಲ್ಲದ ವಸ್ತು ಮನೆಯಲ್ಲಿ ಉಳಿಯಲಿಲ್ಲ. ನೆಟ್ಟಗಿರುವ ಗೆರೆ ಒಂದೂ ಹುಟ್ಟಲಿಲ್ಲ. ಮೇಲಿನಿಂದ ತಮ್ಮ ಕಡೆಗೆ ಎಳೆಯುವಾಗ ಕೈ ನಡುಗುತ್ತಿತ್ತು. ಉಸಿರು ಹಿಡಿದರೆ ಕೆಮ್ಮು ಬರುತ್ತಿತ್ತು. ಗೆರೆ ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿದರೆ ಕುಂಚ ಬೇರೆ ಎಲ್ಲಿಗೋ ಹೋಗುತ್ತಿತ್ತು.

"ಹಗರಿ ಹೊಳಿ ಬರದೀರೇನು?" ಎಂದು ಹಂಡೆ ನೋಡಿ ಅಂಬುಜಮ್ಮ ಕೇಳಿದರು.

ಮೂರನೆಯ ದಿನ ಪೂಜೆ ಮುಗಿಸಿ ಕನ್ನಡಿ ಹಿಡಿದು ಅಂಗಾರ ಹಚ್ಚಿಕೊಳ್ಳುವಾಗ ರಾಯರಿಗೆ ಜ್ಞಾನೋದಯವಾಯಿತು. ಹಣೆಯ ಮೇಲೆ ಗೆರೆ ಸರಕ್ಕನೆ ನೆಟ್ಟಗೆ ಬಂದಿತ್ತು. ಕೈ ಅದೇ. ಹಾಗಾದರೆ ತಪ್ಪು ಎಲ್ಲಿ? ಮೂವತ್ತು ವರ್ಷದಿಂದ ಈ ಕೈ ಕಲಿತದ್ದು ಒಂದೇ ವಿದ್ಯೆ: ಕೆಳಗಿನಿಂದ ಮೇಲಕ್ಕೆ ಹೋಗುವುದು. ಕಣ್ಣು ಕಲಿತದ್ದೂ ಒಂದೇ: ಕನ್ನಡಿಯಲ್ಲಿ ನೋಡುವುದು. ಪಕ್ಕೀರಪ್ಪ ಪಾಪ, ಹಣೆಗೆ ಅಂಗಾರ ಹಚ್ಚದ ಮನುಷ್ಯ. ಅವನಿಗೆ ಈ ಸೂಕ್ಷ್ಮ ಹೇಗೆ ತಿಳಿಯಬೇಕು!

"ಅಂಬುಜಾ, ಕನ್ನಡಿ ತಗೊಂಡು ಹಿತ್ತಲಿಗೆ ಬಾ."

ಹಿತ್ತಲ ಕಟ್ಟೆಯ ತೊಲೆಗೆ ಉಯ್ಯಾಲೆಯ ಕೊಂಡಿಗಳಿದ್ದವು. ರಾಯರು ಉಯ್ಯಾಲೆ ಕಳಚಿ ಸೈಕಲ್ಲಿನ ಮುಂದಿನ ಗಾಲಿಯನ್ನು ಮೇಲಕ್ಕೆ ಕಟ್ಟಿ ತೂಗಿಹಾಕಿದರು. ಕಂಬಿಗಳೆಲ್ಲ ನೆಟ್ಟಗೆ ನಿಂತವು. ಅಂಗೈಯಷ್ಟು ಕನ್ನಡಿಯನ್ನು ಅಂಬುಜಮ್ಮ ಮುಂದೆ ಹಿಡಿದರು. ರಾಯರು ಹಿಂದಿನಿಂದ ಸೈಕಲ್ಲನ್ನು ಎರಡೂ ಕೈಯಲ್ಲಿ ತಬ್ಬಿ, ಕೆನ್ನೆಯನ್ನು ಕಂಬಿಗೆ ಒತ್ತಿ, ಈ ಕಂಬಿ ನನ್ನ ಹಣೆಯೇ ಎಂದು ಭಾವಿಸಿ, ಕನ್ನಡಿಯಲ್ಲಿ ನೋಡುತ್ತ ಕುಂಚವನ್ನು ಮೇಲಕ್ಕೆ ಎಳೆದರು. ಗೆರೆ ಬಂತು. ಕನ್ನಡಿಯಲ್ಲಿ ಕಂಡಷ್ಟೂ ನೆಟ್ಟಗೆ ಬಂತು!

ಪಕ್ಕದ ಮನೆಯ ಚನ್ನವೀರಮ್ಮ ಬೆಂಕಿ ಕೇಳಲು ಬಂದದ್ದು ಆಗಲೇ. ಬಾಗಿಲಲ್ಲಿ ನಿಂತು ನೋಡಿದಳು: ನೇಣು ಬಿದ್ದ ಸೈಕಲ್ಲು, ಅದನ್ನು ತಬ್ಬಿಕೊಂಡು ಕಣ್ಣರಳಿಸಿದ ರಾಯರು, ಇಬ್ಬರಿಗೂ ಕನ್ನಡಿ ತೋರಿಸುತ್ತಿರುವ ಅಂಬುಜಮ್ಮ.

"ರಾಯರಿಗೆ ಮೈಯಾಗ ಆರಾಮ ಐತೇನ್ರಿ, ಅಮ್ಮಾರ?"

"ಐದು ದಿನ ತಡೀರಿ ಚನ್ನವೀರಮ್ಮ, ಹಬ್ಬ ಆದ ಮ್ಯಾಲೆ ಇಳೀತದ," ಎಂದರು ಅಂಬುಜಮ್ಮ. ಚನ್ನವೀರಮ್ಮ ಬೆಂಕಿ ಒಯ್ಯುವುದನ್ನೇ ಮರೆತು ಹೋದಳು.

ಎರಡು ದಿನದಲ್ಲಿ ಕೆಲಸ ಮುಗಿಯಿತು. ರಾಯರು ಹಿಗ್ಗಿ ಹೀರೇಕಾಯಿಯಾದರು. ಒಂದು ಸಂಗತಿ ಮಾತ್ರ ಅವರ ಗಮನಕ್ಕೆ ಬರಲಿಲ್ಲ: ಅಂಗೈಯಗಲದ ಕನ್ನಡಿಯಲ್ಲಿ ಒಮ್ಮೆಗೆ ಕಾಣುತ್ತಿದ್ದದ್ದು ನಾಲ್ಕು ಬೆರಳಿನಷ್ಟು ಗೆರೆ. ನಾಲ್ಕು ಬೆರಳಿನಷ್ಟು ದೂರ ಯಾವ ಗೆರೆಯೂ ನೆಟ್ಟಗೇ ಹೋಗುತ್ತದೆ. ಇಡೀ ಕಂಬಿಯ ಉದ್ದಕ್ಕೂ ಅದು ಏನೇನು ಆಟ ಆಡಿದೆ ಎಂಬುದನ್ನು ಎದುರಿಗೆ ನಿಂತು ನೋಡಿದವರು ಅಂಬುಜಮ್ಮ ಒಬ್ಬರೇ.

"ಹೆಂಗದ?" ಎಂದು ರಾಯರು ಕನ್ನಡಿಯಲ್ಲೇ ನೋಡುತ್ತ ಕೇಳಿದರು.

"ಒಣಗಲಿ," ಎಂದರು ಅಂಬುಜಮ್ಮ.

ಅದು ಒಣಗಲಿಲ್ಲ. ಮರುದಿನ ಮುಟ್ಟಿದರೆ ಬೆರಳು ಬಂಗಾರವಾಯಿತು. ಅದರ ಮರುದಿನವೂ ಆಯಿತು. ಬಿಸಿಲಿಗೆ ಇಟ್ಟರು; ಧೂಳು ಬಂದು ಕೂತಿತು. ಬಚ್ಚಲೊಲೆಯ ಹೊಗೆಗೆ ಹಿಡಿದರು; ರಾಯರ ಕಣ್ಣಲ್ಲಿ ನೀರು ಬಂತು, ಗೆರೆ ಒಣಗಲಿಲ್ಲ. ಬೀಸಣಿಗೆ ಹಿಡಿದು ಒಂದು ತಾಸು ಬೀಸಿದರು. ಕೊನೆಗೆ ಇರುವೆಗಳು ಬಂದವು. ಗೆರೆಯ ಪಕ್ಕದಲ್ಲೇ ಸಾಲುಗಟ್ಟಿ ನಡೆದ ಆ ಇರುವೆಗಳ ದಾರಿ ರಾಯರ ಗೆರೆಗಿಂತ ನೆಟ್ಟಗಿತ್ತು.

ಇರುವೆ ನೋಡಿ ಅಂಬುಜಮ್ಮನಿಗೆ ಅನುಮಾನ ಬಂತು. "ಯಾವ ಎಣ್ಣಿ ಹಾಕೀರಿ?"

"ಅಗಸೀದು. ಗ್ವಾಡಿ ಮಾಡದಾಗಿನ ಗಿಂಡ್ಯಾಗ ಇತ್ತಲ್ಲ, ಬಾಗಿಲಿಗೆ ಹಚ್ಚೋದು."

"ಅದನ್ನ ನೀವೇ ಶ್ರಾವಣದಾಗ ಬಾಗಿಲಿಗೆ ಹಚ್ಚಿ ಮುಗಿಸೀರಿ. ಈಗ ಆ ಗಿಂಡ್ಯಾಗ ಇರೋದು ಶೇಂಗಾ ಎಣ್ಣಿ. ಹಬ್ಬದ ಚಕ್ಕಲಿಗೆ ತಗದಿಟ್ಟಿದ್ದೆ."

"ಎಣ್ಣಿ ಅಂದ್ರ ಎಣ್ಣಿ ಅಲ್ಲೇನು?" ಎಂದರು ರಾಯರು. ಧ್ವನಿ ಮಾತ್ರ ಸಣ್ಣಗಾಗಿತ್ತು.

ಕಂಟೋನ್ಮೆಂಟಿಗೆ ಓಡಿದರು. ಪಕ್ಕೀರಪ್ಪ ಕೇಳಿ ಬಹಳ ಹೊತ್ತು ನಗಲಿಲ್ಲ. ಆಮೇಲೆ ಬಹಳ ಹೊತ್ತು ನಕ್ಕ.

"ಅಗಸಿ ಎಣ್ಣಿ ಗಾಳಿಗೆ ಗಟ್ಟಿ ಆಗತೈತಿ ರಾಯರ. ಶೇಂಗಾ ಎಣ್ಣಿ ಜನ್ಮಕ್ಕೂ ಆಗಂಗಿಲ್ಲ. ಅದರಾಗ ಬರದ ಗೆರಿ ಕರಿಯಾಕ ಬರತೈತಿ, ಒಣಗಾಕ ಬರಂಗಿಲ್ಲ."

"ಒರಿಸಿ ಹೊಸಾದು ಎಳೀಲಾ?"

"ಪುಡಿ ಎಲ್ಲಿಂದ ತರ್ತೀರಿ? ಇದ್ದದ್ದು ಅಷ್ಟ."

ರಾಯರು ಬರಿಗೈಯಲ್ಲಿ ಮನೆಗೆ ಬಂದರು. ದಾರಿಯುದ್ದಕ್ಕೂ ಅವರ ಕಣ್ಣಿಗೆ ಕಟ್ಟಿದ್ದು ಒಂದೇ: ಸಿರುಗುಪ್ಪದ ಮನೆಯ ಅಡಿಗೆಮನೆಯಲ್ಲಿ ತಿರುಮಲ ತಲೆ ತಗ್ಗಿಸಿ ನಿಂತಿರುವುದು, "ನಿಮ್ಮಪ್ಪ ಕೊಟ್ಟ ಸೈಕಲ್ಲು" ಎಂದು ಯಾರೋ ನಗುತ್ತಿರುವುದು. ಇನ್ನು ಉಳಿದದ್ದು ಒಂದೇ ಉಪಾಯ. ಬೀಗರು ಊರಿಗೆ ಹೋಗುವ ತನಕ ಆ ಸೈಕಲ್ಲನ್ನು ಯಾರೂ ಮುಟ್ಟಕೂಡದು.

ನೀರು ತುಂಬುವ ಹಬ್ಬದ ದಿನ ಮಧ್ಯಾಹ್ನ ಸಿರುಗುಪ್ಪದ ಇದ್ದಿಲು ಬಸ್ಸು ಬಂತು. ಪೆಟ್ರೋಲಿಲ್ಲದ ಆ ಕಾಲದಲ್ಲಿ ಇದ್ದಿಲ ಹೊಗೆಯಿಂದಲೇ ಓಡುತ್ತಿದ್ದ, ಕುರುಗೋಡಿನಲ್ಲಿ ಹೊಗೆ ಸಾಲದೆ ನಿಂತು, ಪ್ರಯಾಣಿಕರಿಂದ ನೂಕಿಸಿಕೊಂಡು ಬಂದ ಬಸ್ಸು. ಮಗಳು, ಅಳಿಯ, ಬೀಗರು ಮೂವರೂ ಇಳಿದರು. ಬೀಗರ ಮುಖ ಇದ್ದಿಲಾಗಿತ್ತು. ಕಣ್ಣು ಮಾತ್ರ ಹೊಳೆಯುತ್ತಿದ್ದವು. ಕಾಲಿಗೆ ನೀರು ಕೊಡುವ ಮೊದಲೇ ಕೇಳಿದರು.

"ಎಲ್ಲದ ಸೈಕಲ್ಲು?"

ಹಿತ್ತಲ ಕಟ್ಟೆಯ ಕತ್ತಲೆ ಮೂಲೆಯಲ್ಲಿ ಸೈಕಲ್ಲು ನಿಂತಿತ್ತು. ಅದರ ಮುಂದೆ ಹತ್ತು ಹೆಜ್ಜೆ ದೂರಕ್ಕೆ ಮಾವಿನೆಲೆಯ ತೋರಣದ ಹಗ್ಗ ಕಟ್ಟಿತ್ತು. ಬೀಗರು ಹಗ್ಗ ದಾಟಲು ಕಾಲೆತ್ತಿದರು.

"ಮುಟ್ಟಬಾರದು ಬೀಗರ," ಎಂದು ರಾಯರು ಅಡ್ಡ ನಿಂತರು. "ಹೊಸಾ ವಾಹನ. ಅಮಾಸಿ ಕಳಿಯೋತನಕ ದೂರದಿಂದಲೇ ದರ್ಶನ."

"ಯಾವ ಶಾಸ್ತ್ರದಾಗ ಅದ ಇದು?"

"ನಮ್ಮ ಮನೆತನದ ಪದ್ಧತಿ."

ಆಗ ಅನಿರೀಕ್ಷಿತ ಕಡೆಯಿಂದ ನೆರವು ಬಂತು. "ಹೌದಪ್ಪಾ," ಎಂದ ಅಳಿಯ ಶ್ರೀನಿವಾಸ, "ಅಮಾಸಿ ಅಷ್ಟೇ ಅಲ್ಲ, ಪಾಡ್ಯಾನೂ ಕಳೀಲಿ. ಅವಸರ ಏನದ? ಕಾರ್ತೀಕ ಪೂರ್ತಿ ಬಿಟ್ರೂ ನಡೀತದ."

ರಾಯರಿಗೆ ಕಣ್ಣು ತುಂಬಿ ಬಂದವು. ಎಂಥ ಅಳಿಯ! ಮಾವನ ಮಾತಿಗೆ ಒಂದು ತಿಂಗಳು ಸೇರಿಸಿ ಕೊಡುವ ಅಳಿಯ ಯಾರಿಗೆ ಸಿಗುತ್ತಾನೆ?

ಆದರೆ ಶ್ಯಾನುಭೋಗರು ಹಗ್ಗ ಕಂಡರೆ ಸುಮ್ಮನಿರುವ ಜಾತಿಯಲ್ಲ. ಮರುದಿನ ನಸುಕಿನಲ್ಲಿ ಎಣ್ಣೆ ನೀರು ಆಯಿತು, ಆರತಿ ಆಯಿತು, ಬೀಗರಿಗೂ ಅಳಿಯನಿಗೂ ಹಾಲಿನಂಥ ಹೊಸ ಪಂಚೆ ಕೊಟ್ಟದ್ದಾಯಿತು. ತಿಂಡಿಗೆ ಕೂತವರು ಏಳುವಷ್ಟರಲ್ಲಿ ಬೀಗರು ಸೈಕಲ್ಲನ್ನು ಅಂಗಳಕ್ಕೆ ತಳ್ಳಿಕೊಂಡು ಬಂದು ನಿಲ್ಲಿಸಿದ್ದರು. ಪುಣ್ಯಕ್ಕೆ ಹಿಡಿದದ್ದು ಹಿಡಿಕೆ ಮತ್ತು ಸೀಟು.

"ಶೀನಾ, ಹತ್ತು. ಒಂದು ಸುತ್ತು ಹಾಕಿ ತೋರ್ಸು."

ಅಳಿಯ ಬಿಳಿಚಿಕೊಂಡ. "ಪದ್ಧತಿ, ಅಪ್ಪಾ..."

"ಪದ್ಧತಿ ನಾ ನೋಡ್ಕೋತೀನಿ. ಹತ್ತು."

ಶ್ರೀನಿವಾಸ ಸೈಕಲ್ಲನ್ನು ನೋಡಿದ, ನೆಲವನ್ನು ನೋಡಿದ, ಹೆಂಡತಿಯನ್ನು ನೋಡಿದ. "ನನಗ ಸೈಕಲ್ ಹೊಡೀಲಿಕ್ಕೆ ಬರೂದಿಲ್ಲ," ಎಂದ ಮೆಲ್ಲಗೆ.

ತಿರುಮಲ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ರಾಯರು ಬೆರಗಾಗಿ, "ಮತ್ತ ಮದುವಿಯೊಳಗ ಸೈಕಲ್ ಕೇಳಿದ್ದು?" ಎಂದರು.

ಅಳಿಯ ಅಪ್ಪನನ್ನು ನೋಡಿದ. ಬೀಗರು ಗಂಟಲು ಸರಿಮಾಡಿಕೊಂಡು ಆಕಾಶ ನೋಡಿದರು. "ಮನ್ಯಾಗ ಒಂದು ಇರಲಿ ಅಂತ... ನಾ ಸಣ್ಣಾಂವ ಇದ್ದಾಗಿಂದ ಒಂದು ಆಸೆ ಇತ್ತು," ಎಂದರು. ಹಾಗೆನ್ನುತ್ತಲೇ ಪಂಚೆಯನ್ನು ಮೇಲಕ್ಕೆ ಕಟ್ಟಿ, ಐವತ್ತೈದರ ಆ ಭಾರೀ ಶರೀರವನ್ನು ಸೀಟಿನ ಮೇಲೆ ಏರಿಸಿ, ಯಾರೂ ಬೇಡವೆನ್ನುವ ಮೊದಲೇ ಗಂಟೆ ಬಾರಿಸುತ್ತ ಓಣಿ ದಾಟಿ ಹೋದರು.

ಅರ್ಧ ತಾಸು ರಾಯರು ಕಟ್ಟೆಯ ಮೇಲೆ ಕೂತು ಶ್ರೀಹರಿಯ ನೆನೆದರು. ಬೀಗರು ಕೋಟೆಯ ಕೆಳಗಿನವರೆಗೂ ಹೋಗಿ, ಬೆವರಿ, ನಗುತ್ತ ವಾಪಸು ಬಂದರು. ಇಳಿದು ನಿಂತರು. ಹಾಲಿನಂಥ ಪಂಚೆಯ ಎರಡೂ ತೊಡೆಗಳ ಒಳಬದಿಗೆ ಬಂಗಾರದ ಪಟ್ಟೆ ಬಿದ್ದಿತ್ತು. ಮೇಲೆ ಒಂದು ಕೊಂಕು, ಕೆಳಗೆ ಒಂದು ಕೊಂಕು. ಬೀಗರು ಬಗ್ಗಿ ನೋಡಿಕೊಂಡರು. ನಗು ನಿಂತಿತು.

"ರಾಯರ, ಇದೇನಿದು?"

"ಹೊಸಾ ಸೈಕಲ್ಲು," ಎಂದರು ರಾಯರು. ನಾಲಿಗೆ ಒಣಗಿತ್ತು; ಮನೆಯಲ್ಲಿ ಒಣಗಿದ್ದು ಅದೊಂದೇ. "ಹೊಸಾ ಬಣ್ಣ. ಸ್ವಲ್ಪ ಹಸಿ ಅದ."

ಅಂಬುಜಮ್ಮ ಪಂಚೆಯ ಕಲೆಗೆಂದು ಬಟ್ಟಲಲ್ಲಿ ಸೀಮೆಎಣ್ಣೆಯನ್ನೂ ಒಂದು ಗೋಣಿಯ ತುಂಡನ್ನೂ ಕಳುಹಿಸಿದರು. ಸೀಮೆಎಣ್ಣೆಗೂ ರೇಷನ್ನಿದ್ದ ಕಾಲ. ಪಂಚೆ ಒರೆಸಿದ ಮೇಲೆ ಬಟ್ಟಲಲ್ಲಿ ಉಳಿದದ್ದನ್ನು ಚೆಲ್ಲಲು ಬೀಗರಿಗೆ ಮನಸ್ಸಾಗಲಿಲ್ಲ. ಗೆರೆ ಅಳಿಸಿ ಕೆಟ್ಟುಹೋಗಿದ್ದ ಮೇಲಿನ ಕಂಬಿಯನ್ನು ಅದರಲ್ಲೇ ಉಜ್ಜತೊಡಗಿದರು.

"ಬಿಡ್ರಿ ಬೀಗರ, ನಾ ಒರಸ್ತೀನಿ," ಎಂದರು ರಾಯರು.

"ಇರಲಿ, ಕೈ ಸುಮ್ಮನ ಅದ."

ಉಳಿದಿದ್ದ ಬಂಗಾರ ಹೋಯಿತು. ಬೀಗರು ಇನ್ನೂ ಉಜ್ಜಿದರು. ಕರಿ ಹೋಯಿತು. ಅದರ ಕೆಳಗಿನಿಂದ ಮಿಲಿಟರಿ ಹಸಿರು ಕಣ್ಣು ಬಿಟ್ಟಿತು.

"ಇದೇನು, ಒಳಗ ಹಸಿರು?"

"ಅದು... ಅಸ್ತರು," ಎಂದರು ರಾಯರು. "ಒಳ್ಳೇ ಕಂಪನಿಯವ್ರು ಹಸಿರು ಅಸ್ತರು ಹಾಕ್ತಾರ."

ಬೀಗರ ಬದು ಹುಡುಕುವ ಕಣ್ಣು ಕಿರಿದಾಯಿತು. ಗೋಣಿಯನ್ನು ಸೀಮೆಎಣ್ಣೆಯಲ್ಲಿ ಇನ್ನೊಮ್ಮೆ ಅದ್ದಿ, ಎರಡೂ ಕೈ ಹಾಕಿ ತಿಕ್ಕಿದರು. ಯುದ್ಧಕಾಲದ ಸರ್ಕಾರಿ ಹಸಿರು. ಬೆವರಿಗೇ ಕರಗುವಂಥದು, ಸೀಮೆಎಣ್ಣೆಗೆ ಎಷ್ಟು ಹೊತ್ತು ತಡೆದೀತು? ಇನ್ನು ಕೆಳಗೆ ತುಕ್ಕು, ತುಕ್ಕಿನ ಕೆಳಗೆ ನನ್ನ ಮಾನ ಎಂದುಕೊಂಡು ರಾಯರು ಕಣ್ಣು ಮುಚ್ಚಿದರು. ಬಾಗಿಲಲ್ಲಿ ತಿರುಮಲ ಬಂದು ನಿಂತಿದ್ದಳು. ಅವಳ ಮುಖದಲ್ಲಿ ಈಗ ನಗುವಿರಲಿಲ್ಲ. ಅಪ್ಪನನ್ನೂ ಮಾವನನ್ನೂ ಒಬ್ಬರ ನಂತರ ಒಬ್ಬರನ್ನು ನೋಡುತ್ತಿದ್ದಳು.

ತಿಕ್ಕುವ ಸದ್ದು ನಿಂತಿತು.

"ರಾಯರ, ಇಲ್ಲಿ ಬರ್ರಿ," ಎಂದರು ಬೀಗರು. ಅವರ ಧ್ವನಿ ಬದಲಾಗಿತ್ತು.

ರಾಯರು ಕಣ್ಣು ತೆರೆದು ಹತ್ತಿರ ಹೋದರು. ಹಸಿರು ಹೋದ ಜಾಗದಲ್ಲಿ ತುಕ್ಕಿರಲಿಲ್ಲ. ಮುಖ ಕಾಣುವಂಥ ಮಿರಿಮಿರಿ ಕಪ್ಪು. ಆ ಕಪ್ಪಿನ ಮೇಲೆ, ನಡುವೆ ಒಂದು ದಪ್ಪ, ಅಕ್ಕಪಕ್ಕ ಎರಡು ತೆಳು, ಕೂದಲೆಳೆಯಷ್ಟೂ ಅಲುಗದ ಮೂರು ಬಂಗಾರದ ಗೆರೆ. ಸಾರ್ಜೆಂಟು ಮಿಲಿಟರಿಯ ಹುಕುಮಿಗೆ ಹಸಿರು ಬಳಿಸುವ ಮೊದಲು ವಿಲಾಯತಿಯ ಯಾವನೋ ಪಕ್ಕೀರಪ್ಪ ಎಳೆದ ಗೆರೆಗಳು ಅವು. ಎರಡು ಭಾನುವಾರ ಕೂತು ರಾಯರು ಮುಚ್ಚಿದ್ದೂ ಅವನ್ನೇ. ಒಂಬತ್ತು ದಿನ, ಒಂದು ಚೌರಿ, ಒಂದು ಗಿಂಡಿ ಎಣ್ಣೆ ಖರ್ಚು ಮಾಡಿ ಅವರು ಹುಡುಕುತ್ತಿದ್ದದ್ದು ಎರಡು ಪದರದ ಕೆಳಗೆ ಸುಮ್ಮನೆ ಮಲಗಿತ್ತು.

"ಯುದ್ಧಕ್ಕ ಮೊದಲಿನ ವಿಲಾಯತಿ ಮಾಲು!" ಎಂದರು ಬೀಗರು. "ಇದನ್ನ ಹೊಸಾದು ಅಂತ ಯಾಕ ಸುಳ್ಳು ಹೇಳಿದ್ರಿ ರಾಯರ? ಈಗ ಬರೋ ಹೊಸಾವು ಯಾರಿಗೆ ಬೇಕಾಗ್ಯಾವ? ಇಂಥಾದ್ದು ಮದ್ರಾಸಿನ್ಯಾಗ ಹುಡುಕಿದ್ರೂ ಸಿಗಂಗಿಲ್ಲ. ತಿರುಮಲಾ, ನಿಮ್ಮಪ್ಪ ನನಗ ಮಾತಿಗಿಂತ ದೊಡ್ಡದು ಕೊಟ್ಟಾರವ್ವ."

ಬಾಗಿಲಲ್ಲಿದ್ದ ಮಗಳು ಉಸಿರು ಬಿಟ್ಟದ್ದು ರಾಯರಿಗೆ ಕೇಳಿಸಿತು. ಅವರಿಗೂ ಹೋದ ಜೀವ ಬಂದಂತಾಯಿತು. ಮಾನ ಉಳಿಯಿತು, ಮಗಳು ತಲೆಯೆತ್ತಿ ಸಿರುಗುಪ್ಪಕ್ಕೆ ಹೋಗುತ್ತಾಳೆ, ಇನ್ನೇನು ಬೇಕು ಎಂದು ಅವರು ಶಲ್ಯದಿಂದ ಬೆವರು ಒರೆಸಿಕೊಳ್ಳುತ್ತಿರುವಾಗ ಬೀಗರು ಇನ್ನೂ ಉಜ್ಜದೆ ಉಳಿದಿದ್ದ ಕೆಳಗಿನ ಕಂಬಿಯ ಕಡೆಗೆ ಬಗ್ಗಿದರು. ಆ ತುದಿಯಿಂದ ಈ ತುದಿಯವರೆಗೆ ರಾಯರ ಗೆರೆಯನ್ನು ನಿಧಾನವಾಗಿ ನೋಡಿದರು. ಕತ್ತನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿದರು.

"ಒಂದು ಮಾತು ಕೇಳ್ತೀನಿ ರಾಯರ. ಒಳಗ ಇಷ್ಟು ಚೆಂದ ಗೆರಿ ಇರಬೇಕಾದ್ರ ಮ್ಯಾಲೆ ಈ ಸೊಟ್ಟ ಗೆರಿ ಗೀಚಿದ ಹುಡುಗ ಯಾರು?"

ರಾಯರು ಓಣಿಯ ಕಡೆ ನೋಡಿದರು. "ಈ ಓಣಿ ಹುಡುಗರು ಬೀಗರ... ಹೇಳಿದ್ರ ಕೇಳೂದಿಲ್ಲ," ಎಂದರು.

ಅಡಿಗೆಮನೆಯ ಕಿಟಕಿಯಿಂದ ಅಂಬುಜಮ್ಮನ ಧ್ವನಿ ಬಂತು.

"ಓಣಿ ಹುಡುಗರಲ್ಲ ಅಂತ ಬೀಗರಿಗೆ ಹೇಳ್ರಿ. ಮನಿ ಹುಡುಗ. ಬರೋ ಮಾಘಕ್ಕ ನಲವತ್ತೊಂಬತ್ತು ತುಂಬ್ತಾವ."